ಜೀವಕೋಶಗಳಿಂದ ಚಲಿಸುವ ಸೂಕ್ಷ್ಮ ಯಂತ್ರಗಳು: ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ರಾಯಚೂರು ಜಿಲ್ಲೆಯ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರವು 1985ರಲ್ಲಿ ಕಾರ್ಯಾರಂಭ ಮಾಡಿ, ಕಾಲಕ್ರಮೇಣ ಎಂಟು ಘಟಕಗಳೊಂದಿಗೆ 1720 ಮೆಗಾವ್ಯಾಟ್ ಸಾಮರ್ಥ್ಯಕ್ಕೆ ಬೆಳೆಯಿತು. ಅಲ್ಲಿ ಕಲ್ಲಿದ್ದಲನ್ನು ಉರಿಸಿ ನೀರನ್ನು ಹಬೆಯಾಗಿಸಿ, ಆ ಹಬೆಯಿಂದ ಟರ್ಬೈನ್ ತಿರುಗಿಸಲಾಗುತ್ತದೆ. ಶಾಖವನ್ನು ಕೆಲಸವನ್ನಾಗಿ ಪರಿವರ್ತಿಸುವ ಇದೇ ತತ್ತ್ವದ ಮೇಲೆ, ಬರಿಗಣ್ಣಿಗೆ ಕಾಣದಷ್ಟು ಚಿಕ್ಕದಾದ ಯಂತ್ರವೊಂದನ್ನು 2016ರಲ್ಲಿ ಬೆಂಗಳೂರಿನ ವಿಜ್ಞಾನಿಗಳು ಜೀವಂತ ಬ್ಯಾಕ್ಟೀರಿಯಾಗಳ ನೆರವಿನಿಂದ ನಡೆಸಿ ತೋರಿಸಿದರು. ಈ ವಿಷಯದಲ್ಲಿ ಯೋಜನಾ ಸಹಾಯಧನಕ್ಕಾಗಲಿ ಪೇಟೆಂಟಿಗಾಗಲಿ ಅರ್ಜಿ ಸಲ್ಲಿಸಲು ಇಚ್ಛಿಸುವ ರಾಯಚೂರು, ಮಾನ್ವಿ, ದೇವದುರ್ಗ ಭಾಗದ ವಿದ್ಯಾರ್ಥಿಗಳು ಹಾಗೂ ಸಾರ್ವಜನಿಕರ ಅವಗಾಹನೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಜೀವಕೋಶದೊಳಗಿನ ಮೋಟಾರುಗಳು

ಪ್ರತಿಯೊಂದು ಜೀವಕೋಶದಲ್ಲಿಯೂ ಯಂತ್ರಗಳಿವೆ. ಎ.ಟಿ.ಪಿ. ಸಿಂಥೇಸ್ ಎಂಬ ಪ್ರೋಟೀನು ಅಕ್ಷರಶಃ ತಿರುಗುವ ಮೋಟಾರು ಆಗಿದ್ದು, ಜೀವಕೋಶದ ಇಂಧನವಾದ ಎ.ಟಿ.ಪಿ.ಯನ್ನು ತಯಾರಿಸುತ್ತದೆ. 1997ರಲ್ಲಿ ಜಪಾನಿನ ವಿಜ್ಞಾನಿಗಳು ಇದರ ಒಂದು ಭಾಗಕ್ಕೆ ಹೊಳೆಯುವ ಎಳೆಯೊಂದನ್ನು ಜೋಡಿಸಿ, ಅದು ತಿರುಗುವುದನ್ನು ಸೂಕ್ಷ್ಮದರ್ಶಕದಲ್ಲಿ ಪ್ರತ್ಯಕ್ಷವಾಗಿ ನೋಡಿದರು. 2000ದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಇದೇ ಪ್ರೋಟೀನಿಗೆ ನಿಕಲ್ ಲೋಹದ ರೆಕ್ಕೆಯನ್ನು ಕೂಡಿಸಿ ತಿರುಗಿಸಲಾಯಿತು.

ಪ್ರೋಟೀನನ್ನು ಬೇರ್ಪಡಿಸದೆ ಇಡೀ ಜೀವಕೋಶವನ್ನೇ ದುಡಿಸಿಕೊಳ್ಳುವುದು ಇನ್ನೊಂದು ಮಾರ್ಗ. 2010ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ಸುಮಾರು 380 ಮೈಕ್ರೋಮೀಟರ್ ಅಗಲದ ಹಲ್ಲುಚಕ್ರವನ್ನು ಈಜುವ ಬ್ಯಾಕ್ಟೀರಿಯಾಗಳಿರುವ ದ್ರವದಲ್ಲಿ ಇರಿಸಲಾಯಿತು. ಬ್ಯಾಕ್ಟೀರಿಯಾಗಳು ಹಲ್ಲುಗಳ ಸಂದಿಗೆ ಸಿಲುಕಿ ತಳ್ಳಿದ್ದರಿಂದ ಚಕ್ರವು ನಿಮಿಷಕ್ಕೆ ಒಂದೆರಡು ಸುತ್ತು ತಿರುಗಿತು. ಆಮ್ಲಜನಕದ ಬದಲು ಸಾರಜನಕವನ್ನು ಹಾಯಿಸಿದಾಗ ಬ್ಯಾಕ್ಟೀರಿಯಾಗಳು ನಿಂತವು, ಚಕ್ರವೂ ನಿಂತಿತು. ಪುನಃ ಆಮ್ಲಜನಕ ದೊರೆತಾಗ ಎರಡೂ ಚಲಿಸಿದವು.

ಬೆಂಗಳೂರಿನ ಬ್ಯಾಕ್ಟೀರಿಯಾ ಎಂಜಿನ್

ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಸುದೀಶ್ ಕೃಷ್ಣಮೂರ್ತಿ, ರಾಜೇಶ್ ಗಣಪತಿ, ಅಜಯ್ ಕೆ. ಸೂದ್ ಮುಂತಾದವರು ಈ ಪ್ರಯೋಗವನ್ನು ಕೈಗೊಂಡರು. ಕೆಲವೇ ಸಾವಿರಾಂಶ ಮಿಲಿಮೀಟರ್ ಗಾತ್ರದ ಒಂದು ಮಣಿಯನ್ನು ಲೇಸರ್ ಕಿರಣದ ಹಿಡಿತದಲ್ಲಿ ನಿಲ್ಲಿಸಿ, ಸುತ್ತಲಿನ ದ್ರವದಲ್ಲಿ ಬ್ಯಾಕ್ಟೀರಿಯಾಗಳನ್ನು ಬಿಡಲಾಯಿತು. ದೊಡ್ಡ ಎಂಜಿನ್ನಿನಲ್ಲಿ ಪಿಸ್ಟನ್ ಮಾಡುವ ಕೆಲಸವನ್ನು ಇಲ್ಲಿ ಲೇಸರ್ ಮಾಡುತ್ತದೆ: ಹಿಡಿತವನ್ನು ಸಡಿಲಿಸಿದರೆ ಹಿಗ್ಗಿದಂತೆ, ಬಿಗಿಗೊಳಿಸಿದರೆ ಕುಗ್ಗಿದಂತೆ. ದ್ರವವನ್ನು ಬೆಚ್ಚಗೆ ಮಾಡಿದಾಗ ಬ್ಯಾಕ್ಟೀರಿಯಾಗಳು ಚುರುಕಾಗಿ ಮಣಿಯನ್ನು ಬಲವಾಗಿ ತಾಡಿಸುತ್ತವೆ. ತಂಪು ಮಾಡಿದಾಗ ಮಂದವಾಗುತ್ತವೆ. ಬೆಚ್ಚಗಿರುವಾಗ ಸಡಿಲಿಸಿ, ತಂಪಾದಾಗ ಬಿಗಿಗೊಳಿಸಿದರೆ ಪ್ರತಿ ಆವರ್ತದಲ್ಲಿಯೂ ಒಂದಿಷ್ಟು ಕೆಲಸ ಉಳಿಯುತ್ತದೆ. 1816ರಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ಸ್ಟರ್ಲಿಂಗ್ ರೂಪಿಸಿದ ಎಂಜಿನ್ನಿನ ಕ್ರಮವೇ ಇದಾಗಿದೆ.

ಬ್ಯಾಕ್ಟೀರಿಯಾ ಇಲ್ಲದ ನೀರಿನಲ್ಲಿ ಇಂತಹ ಎಂಜಿನ್ನನ್ನು ಜರ್ಮನಿಯ ವಿಜ್ಞಾನಿಗಳು ಅದಾಗಲೇ ನಡೆಸಿದ್ದರು. ಬೆಂಗಳೂರಿನ ಫಲಿತಾಂಶದ ವಿಶೇಷವು ಬೇರೆಯದು. ಇಂತಹ ಎಂಜಿನ್ನಿನ ಬಿಸಿ ಬದಿಯನ್ನು ಎಷ್ಟೇ ಕಾಯಿಸಿದರೂ ದಕ್ಷತೆಗೆ ಒಂದು ಗರಿಷ್ಠ ಮಿತಿಯಿದೆ. ಬ್ಯಾಕ್ಟೀರಿಯಾಗಳು ಅತಿ ಚುರುಕಾಗಿದ್ದಾಗ ಈ ಎಂಜಿನ್ನು ಸದರಿ ಮಿತಿಯನ್ನು ದಾಟಿತು.

ತಪ್ಪು ತಿಳಿವಳಿಕೆ ಬೇಡ

ಮಿತಿ ದಾಟಿತೆಂದರೆ ಶಕ್ತಿಯು ಪುಕ್ಕಟೆಯಾಗಿ ದೊರೆಯಿತೆಂದು ಅರ್ಥವಲ್ಲ. ಆ ಮಿತಿಯನ್ನು ಲೆಕ್ಕ ಹಾಕಿರುವುದು ನಿರ್ಜೀವ, ಸಮತೋಲ ಸ್ಥಿತಿಯಲ್ಲಿರುವ ಬಿಸಿ ಮತ್ತು ತಂಪು ಆಕರಗಳಿಗೆ. ಬ್ಯಾಕ್ಟೀರಿಯಾಗಳಾದರೋ ಆಹಾರವನ್ನು ಕರಗಿಸಿ ಚಲಿಸುತ್ತವೆ, ಮತ್ತು ಈ ಆಹಾರದ ಶಕ್ತಿಯು ದಕ್ಷತೆಯ ಲೆಕ್ಕದಲ್ಲಿ ಸೇರಿಲ್ಲ. ಬಂದ ಆದಾಯವನ್ನು ಜಮಾ ಬದಿಗೆ ಬರೆದು, ಸರಕಿನ ವೆಚ್ಚವನ್ನು ಬೇರೊಂದು ಪುಸ್ತಕದಲ್ಲಿ ಇರಿಸಿದರೆ ಯಾವ ಅಂಗಡಿಯೂ ಲಾಭದಲ್ಲಿರುವಂತೆಯೇ ಕಾಣುತ್ತದೆ. ಎರಡು ಪುಸ್ತಕಗಳನ್ನೂ ಕೂಡಿಸಿದಲ್ಲಿ ನಿಸರ್ಗದ ಯಾವ ನಿಯಮವೂ ಮುರಿದಿರುವುದಿಲ್ಲ. ಅಲ್ಲದೆ ಒಂದೇ ಮಣಿಯಿಂದ ದೊರೆಯುವ ಕೆಲಸವು ಅತ್ಯಲ್ಪವಾಗಿದ್ದು, ಮನೆಯ ದೀಪ ಉರಿಸಲು ಇದು ಉಪಯೋಗಕ್ಕೆ ಬಾರದು.

ಈ ಭೇದವು ಅರ್ಜಿದಾರರಿಗೆ ಮುಖ್ಯವಾದುದು. ಪೇಟೆಂಟ್ ಅಧಿನಿಯಮ 1970ರ ಪ್ರಕರಣ 3(ಎ) ಪ್ರಕಾರ, ಸುಸ್ಥಾಪಿತ ನಿಸರ್ಗ ನಿಯಮಗಳಿಗೆ ಸ್ಪಷ್ಟವಾಗಿ ವಿರುದ್ಧವಾದುದನ್ನು ಪ್ರತಿಪಾದಿಸುವ ಆವಿಷ್ಕಾರಕ್ಕೆ ಪೇಟೆಂಟ್ ದೊರೆಯುವುದಿಲ್ಲ. ಇಂಧನವಿಲ್ಲದೆ ನಿರಂತರ ಚಲಿಸುವ ಯಂತ್ರವೆಂದು ಬರೆದ ಅರ್ಜಿಗೆ ಬೆಂಗಳೂರಿನ ಪ್ರಯೋಗವನ್ನು ಆಧಾರವಾಗಿ ತೋರಿಸಿದರೂ ಪ್ರಯೋಜನವಾಗದು. ಯಂತ್ರಕ್ಕೆ ಶಕ್ತಿ ಎಲ್ಲಿಂದ ಬರುತ್ತದೆ ಎಂಬುದನ್ನು ಅರ್ಜಿಯಲ್ಲಿಯೇ ವಿವರಿಸುವುದು ಸೂಕ್ತ.

ಸ್ಥಳೀಯ ಮಣ್ಣಿನ ಬ್ಯಾಕ್ಟೀರಿಯಾ ಬಳಸಿದಲ್ಲಿ

ಸದರಿ ಪ್ರಯೋಗದಲ್ಲಿ ಬಳಸಿದ ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ಮಣ್ಣಿನಲ್ಲಿ ಇರುತ್ತವೆ. ಉದಾಹರಣೆಗೆ, ನೀರಮಾನ್ವಿಯ ಹೊಲವೊಂದರ ಮಣ್ಣಿನಿಂದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಸೂಕ್ಷ್ಮ ಯಂತ್ರಕ್ಕೆ ಬಳಸಿದರೆಂದು ಭಾವಿಸಬಹುದು. ಮಣ್ಣಿನಲ್ಲಿ ಮೊದಲೇ ಇದ್ದ ಜೀವಿಯನ್ನು ಕಂಡುಹಿಡಿದ ಮಾತ್ರಕ್ಕೆ ಪೇಟೆಂಟ್ ಸಿಗದು. ಅದನ್ನು ಬಳಸಿ ರೂಪಿಸಿದ ಹೊಸ ಯಂತ್ರ ಅಥವಾ ವಿಧಾನಕ್ಕೆ ಅರ್ಜಿ ಸಲ್ಲಿಸಬಹುದು. ಅರ್ಜಿಯ ವಿವರಣೆಯಲ್ಲಿ ಜೈವಿಕ ವಸ್ತುವಿನ ಮೂಲ ಹಾಗೂ ಭೌಗೋಳಿಕ ಸ್ಥಳವನ್ನು ನಮೂದಿಸತಕ್ಕದ್ದು. ಮೇಲಾಗಿ, 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಜೀವವೈವಿಧ್ಯ ತಿದ್ದುಪಡಿ ಅಧಿನಿಯಮದಂತೆ, ಭಾರತದ ಜೈವಿಕ ಸಂಪನ್ಮೂಲ ಆಧರಿಸಿ ಪೇಟೆಂಟ್ ಕೋರುವ ಭಾರತೀಯ ಪ್ರಜೆಗಳು, ಪೇಟೆಂಟ್ ಮಂಜೂರಾಗುವ ಮುನ್ನ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಳ್ಳಬೇಕಾಗುತ್ತದೆ.

ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರದಿಂದ ಪೂರ್ವಭಾವಿ ಮಾರ್ಗದರ್ಶನ ಪಡೆಯಬಹುದು. ಕಾಲೇಜಿನ ವಸ್ತುಪ್ರದರ್ಶನದಲ್ಲಿ ಮಾದರಿಯನ್ನು ಪ್ರದರ್ಶಿಸಿ ಅಥವಾ ಪತ್ರಿಕೆಯಲ್ಲಿ ವಿವರ ಪ್ರಕಟಿಸಿ, ಆ ಬಳಿಕ ಅರ್ಜಿ ಸಲ್ಲಿಸಿದರೆ ನವೀನತೆಯ ಕಾರಣಕ್ಕೆ ತಿರಸ್ಕೃತವಾಗುವ ಸಂಭವವುಂಟು. ಆದ್ದರಿಂದ ಪ್ರದರ್ಶನಕ್ಕೆ ಮುಂಚಿತವಾಗಿಯೇ ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ದಾಖಲಿಸಿ, ದಾಖಲಿಸಿದ ದಿನಾಂಕದಿಂದ 12 ತಿಂಗಳೊಳಗೆ ಪೂರ್ಣ ವಿವರಣೆಯನ್ನು ಸಲ್ಲಿಸತಕ್ಕದ್ದು.