ಗೇರು ಗುಡ್ಡೆಯ ಪಾಠ ಮೊಬೈಲಿಗೆ ಬಂದ ಬಗೆ

ಪುತ್ತೂರಿನಿಂದ ಸವಣೂರಿನ ಕಡೆ ಹೋಗುವಾಗ ನರಿಮೊಗರಿನ ಆಸುಪಾಸಿನ ನೆಲ ಎರಡು ಬಗೆಯದಾಗಿ ಕಾಣುತ್ತದೆ. ತಗ್ಗಿನಲ್ಲಿ ಅಡಿಕೆ ತೋಟ, ಎತ್ತರದಲ್ಲಿ ಮುರಕಲ್ಲಿನ ಗುಡ್ಡೆ. ತೋಟಕ್ಕೆ ನೀರು, ಗೊಬ್ಬರ, ಮದ್ದು, ಆಳು ಎಲ್ಲವೂ ಸಿಕ್ಕಿತು. ಗುಡ್ಡೆಯ ಗೇರು ಮರಕ್ಕೆ ಬಹುಕಾಲ ಏನೂ ಸಿಗಲಿಲ್ಲ. ಬೇಸಗೆಯಲ್ಲಿ ಬೀಜ ಹೆಕ್ಕಲು ಹೋಗುವುದು ಬಿಟ್ಟರೆ ಉಳಿದ ತಿಂಗಳುಗಳಲ್ಲಿ ಅದರ ಬುಡಕ್ಕೆ ಹೋದವರು ಕಡಿಮೆ. ಇಂಥ ಬೆಳೆಗೂ ಒಂದು ಪಾಠಶಾಲೆ ಬೇಕೆಂದು ತೋರಿಸಿಕೊಟ್ಟ ಜಾಗಗಳಲ್ಲಿ ಒಂದು ನರಿಮೊಗರಿನ ಮಗ್ಗುಲಲ್ಲೇ ಇದೆ: ಶಾಂತಿಗೋಡಿನ ಗೇರು ಪ್ರಯೋಗ ಕ್ಷೇತ್ರ.

ಗೇರು ಈ ಮಣ್ಣಿನದಲ್ಲ. ಬ್ರೆಜಿಲಿನ ಈ ಮರವನ್ನು 16ನೇ ಶತಮಾನದಲ್ಲಿ ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ತಂದರು. ಬೋಳುಗುಡ್ಡೆಯ ಮಣ್ಣು ಕೊಚ್ಚಿ ಹೋಗದಂತೆ ಹಿಡಿಯಲು ಅದು ನೆರವಾಯಿತು, ಆಮೇಲೆ ತನ್ನಷ್ಟಕ್ಕೆ ಹಬ್ಬಿತು. 1920ರ ದಶಕದಲ್ಲಿ ಮಂಗಳೂರಿನಲ್ಲಿ ಗೇರುಬೀಜದ ಕಾರ್ಖಾನೆಗಳು ಬೇರೂರಿದಾಗ ಹೆಕ್ಕಿ ತಂದ ಬೀಜಕ್ಕೆ ಬೆಲೆ ಬಂತು. ಆದರೂ ಕೃಷಿಯ ಕ್ರಮ ಬದಲಾಗಲಿಲ್ಲ. ಚೆನ್ನಾಗಿ ಕಾಯಿ ಬಿಡುವ ಮರದ್ದೇ ಬೀಜ ಆರಿಸಿ ಹಾಕಿದರೂ ಹುಟ್ಟಿದ ಗಿಡ ತಾಯಿಯಂತೆ ಆಗುವುದಿಲ್ಲ, ಏಕೆಂದರೆ ಗೇರಿನಲ್ಲಿ ಪರಕೀಯ ಪರಾಗಸ್ಪರ್ಶವೇ ಹೆಚ್ಚು. ಒಂದೇ ಗುಡ್ಡೆಯಲ್ಲಿ ಒಂದು ಮರ ಬುಟ್ಟಿ ತುಂಬ ಕೊಟ್ಟರೆ ಇನ್ನೊಂದು ಬೊಗಸೆಯಷ್ಟೂ ಕೊಡುತ್ತಿರಲಿಲ್ಲ.

ಹೇಳಿ ನಂಬಿಸಲಾಗದ್ದನ್ನು ಬೆಳೆದು ತೋರಿಸುವ ಪದ್ಧತಿ ಈ ಸೀಮೆಗೆ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಿ ತೋರಿಸಿದರು. ಮೈಲುತುತ್ತು ಮತ್ತು ಸುಣ್ಣದ ಆ ನೀಲಿ ಮದ್ದು ಪುತ್ತೂರಿನ ತೋಟಗಳಲ್ಲಿ ಇವತ್ತಿಗೂ ಮಳೆಗಾಲದ ಕಾವಲುಗಾರ. 1916ರಲ್ಲಿ, ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿದ್ದಾಗ, ಕಾಸರಗೋಡಿನಲ್ಲಿ ತೆಂಗಿನ ಸಂಶೋಧನಾ ತೋಟ ಹುಟ್ಟಿತು. 1956ರಲ್ಲಿ ವಿಟ್ಲಕ್ಕೆ ಅಡಿಕೆ ಸಂಶೋಧನಾ ಕೇಂದ್ರ ಬಂತು. ಅಲ್ಲಿಂದ 1972ರಲ್ಲಿ ‘ಮಂಗಳ’ ತಳಿ ಬಿಡುಗಡೆಯಾಯಿತು. ಗಿಡ್ಡ ಮರ, ಬೇಗ ಹಿಡಿಯುವ ಫಸಲು ಎರಡನ್ನೂ ಕಣ್ಣಾರೆ ಕಂಡ ಮೇಲೆ ಕೃಷಿಕರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಗೇರಿನ ಸರದಿ ತಡವಾಗಿ ಬಂತು. 1950ರ ದಶಕದಲ್ಲಿ ಉಳ್ಳಾಲದಲ್ಲಿ ಸಂಶೋಧನೆ ಆರಂಭವಾದರೂ ಗೇರಿಗೇ ಮೀಸಲಾದ ರಾಷ್ಟ್ರೀಯ ಸಂಶೋಧನಾ ಕೇಂದ್ರ ಪುತ್ತೂರಿನಲ್ಲಿ ತಲೆಯೆತ್ತಿದ್ದು 1986ರ ಜೂನ್ 18ರಂದು. ಅದೇ ಈಗಿನ ಗೇರು ಸಂಶೋಧನಾ ನಿರ್ದೇಶನಾಲಯ. ಮುಖ್ಯ ಆವರಣ ಮೊಟ್ಟೆತ್ತಡ್ಕದಲ್ಲಿ, ಪ್ರಯೋಗ ಕ್ಷೇತ್ರ ಶಾಂತಿಗೋಡಿನಲ್ಲಿ. ದೇಶದ ಮೂಲೆಮೂಲೆಗಳಿಂದ ತಂದ 500ಕ್ಕೂ ಹೆಚ್ಚು ಬಗೆಯ ಗೇರುಗಳನ್ನು ಈ ಸಂಸ್ಥೆ ನೆಟ್ಟು ಕಾಪಾಡಿದೆ. 2006ರಲ್ಲಿ ಬಿಡುಗಡೆಯಾದ ‘ಭಾಸ್ಕರ’ ತಳಿಯ ಮೂಲ ಗೋವಾದ ಒಂದು ಮರ.

ಈ ಸಂಸ್ಥೆಗೆ ಹೋದವರು ಹೆಚ್ಚು ಹೊತ್ತು ನಿಲ್ಲುವುದು ಕಸಿ ಕಟ್ಟುವಲ್ಲಿ. ಒಂದೂವರೆ, ಎರಡು ತಿಂಗಳ ಸಸಿಯ ಬುಡದಲ್ಲಿ ಎರಡು ಜೊತೆ ಎಲೆ ಉಳಿಸಿ, ಒಂದು ಗೇಣು ಎತ್ತರದಲ್ಲಿ ಎಳೆಯ ಕಾಂಡವನ್ನು ಕತ್ತರಿಸುತ್ತಾರೆ. ಅದರ ನಡುವೆ ಬೆರಳುದ್ದದ ಸೀಳು. ಆರಿಸಿದ ಮರದ ಕುಡಿಯನ್ನು ಹದ ಮಾಡುವ ಕೆಲಸ ವಾರಕ್ಕೆ ಮುಂಚೆಯೇ ನಡೆದಿರುತ್ತದೆ. ಮರದಲ್ಲಿರುವಾಗಲೇ ಎಲೆ ಕತ್ತರಿಸಿ ತೊಟ್ಟು ಮಾತ್ರ ಬಿಟ್ಟರೆ ತುದಿಯ ಮೊಗ್ಗು ಉಬ್ಬಿ ಚಿಗುರಲು ಸಜ್ಜಾಗುತ್ತದೆ. ಆ ಕುಡಿಯ ಬುಡವನ್ನು ಎರಡೂ ಬದಿಯಿಂದ ಹೆರೆದು ಸೀಳಿಗೆ ಸೇರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತುತ್ತಾರೆ. ಮೇಲೊಂದು ತೇವದ ಪ್ಲಾಸ್ಟಿಕ್ ಟೊಪ್ಪಿ ಹಾಕಿ ನೆರಳಿನಲ್ಲಿಡುತ್ತಾರೆ. ಮೂರು ನಾಲ್ಕು ವಾರದಲ್ಲಿ ಹೊಸ ಚಿಗುರು. ಪಳಗಿದ ಕೈಗೆ ಒಂದು ಗಿಡಕ್ಕೆ ಕೆಲವೇ ನಿಮಿಷ ಸಾಕು. ತಾಯಿ ಮರದ ಗುಣವನ್ನು ಚಾಚೂ ತಪ್ಪದೆ ಉಳಿಸುವ ಈ ಕೆಲಸ ನೋಡಿದವರು ಬೀಜ ಹಾಕಿ ಗೇರು ಬೆಳೆಸುವುದನ್ನು ಬಿಟ್ಟರು.

ತೊಡಕು ಇರುವುದು ಕಸಿ ಗಿಡ ಹಿಡಿದು ಮನೆಗೆ ಮರಳಿದ ಮೇಲೆ. ಮಳೆಗಾಲದಲ್ಲಿ ನೆಟ್ಟ ಗಿಡ ಸೊಂಪಾಗಿ ಚಿಗುರುತ್ತದೆ. ಆದರೆ ಆ ಚಿಗುರು ಕಸಿ ಗಂಟಿನ ಕೆಳಗಿನದಾದರೆ ಅದು ಬೀಜದ ಗಿಡದ ಪಾಲು. ಅದನ್ನು ಆಗಾಗ ಕಿತ್ತು ಹಾಕದಿದ್ದರೆ ಮೇಲಿನ ಕುಡಿ ಸೊರಗುತ್ತದೆ, ಹಣ ಕೊಟ್ಟು ತಂದ ತಳಿ ಮೂರನೆಯ ವರ್ಷಕ್ಕೆ ಕಾಡುಗೇರಾಗಿ ನಿಲ್ಲುತ್ತದೆ. ಹೂ ಬಿಡುವ ಹೊತ್ತಿಗೆ ಟೀ ಸೊಳ್ಳೆ ಎಂಬ ಕೀಟ ಬಂದು ಎಳೆ ಚಿಗುರಿನ ರಸ ಹೀರುತ್ತದೆ, ಕಪ್ಪು ಕಲೆ ಬಿದ್ದು ಹೂಗೊಂಚಲು ಒಣಗುತ್ತದೆ. ಮರ ಬಲಿತ ಮೇಲೆ ಬುಡದಲ್ಲಿ ಅಂಟು, ಮರದ ಹುಡಿ ಕಂಡರೆ ಕಾಂಡ ಕೊರೆಯುವ ಹುಳು ಒಳಸೇರಿದೆ ಎಂದರ್ಥ. ಆಗ ಒಂದೆರಡು ವಾರ ತಡವಾದರೂ ಮರವೇ ಹೋಗಬಹುದು. ಗೇರು ಮೇಳದ ದಿನ ಕೇಳಿದ ವಿವರಣೆ ಅಷ್ಟರಲ್ಲಿ ಮರೆತಿರುತ್ತದೆ, ಕರಪತ್ರ ಗೆದ್ದಲಿನ ಪಾಲಾಗಿರುತ್ತದೆ.

ನೋಡಿದ್ದಕ್ಕೂ ಮಾಡುವುದಕ್ಕೂ ನಡುವಿನ ಈ ಕಂದಕವನ್ನು ತುಂಬಲು ಪುತ್ತೂರು ಸೀಮೆ ಕೈಕಟ್ಟಿ ಕೂತಿರಲಿಲ್ಲ. 1976ರಲ್ಲಿ ಶುರುವಾದ ಮಂಗಳೂರು ಆಕಾಶವಾಣಿ ಕೃಷಿಯ ಮಾತನ್ನು ಮನೆಯ ಜಗಲಿಗೆ ತಂದಿತು. 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ ಇನ್ನೂ ದಿಟ್ಟ ಹೆಜ್ಜೆಯಿಟ್ಟು ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಒಬ್ಬರ ತೋಟದಲ್ಲಿ ಫಲ ಕೊಟ್ಟ ಉಪಾಯವನ್ನು ಅವರ ಬಾಯಿಂದಲೇ ಸಾವಿರಾರು ಮಂದಿ ಓದಿದರು. ಈ ಊರಿನಲ್ಲಿ ಮೊಬೈಲ್ ಕೃಷಿಯ ಉಪಕರಣವಾಗಿ ಇಷ್ಟು ಬೇಗ ಒಗ್ಗಿದ್ದಕ್ಕೆ ಆ ಓದಿನ ರೂಢಿಯೂ ಕಾರಣ ಎನ್ನಬೇಕು.

ಮೊದಲು ಬಂದದ್ದು ಮಾತು. ಕೇಂದ್ರ ಸರಕಾರದ ಕಿಸಾನ್ ಕಾಲ್ ಸೆಂಟರ್ 2004ರ ಜನವರಿಯಲ್ಲಿ ಆರಂಭವಾಯಿತು. ಆಮೇಲೆ ಚಿತ್ರ ಬಂತು: ರೋಗದ ಎಲೆಯ ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಸಂಜೆಯೊಳಗೆ ಉತ್ತರ. 2020ರಲ್ಲಿ ಪುತ್ತೂರಿನ ನಿರ್ದೇಶನಾಲಯ ‘ಕ್ಯಾಶ್ಯೂ ಇಂಡಿಯಾ’ ಎಂಬ ಆ್ಯಪ್ ಹೊರತಂದಿತು. ಕಸಿ ಗಿಡ, ಬೇಸಾಯ, ಕೀಟ ಹತೋಟಿ, ಕೊಯ್ಲಿನ ನಂತರದ ಸಂಸ್ಕರಣೆ, ಮಾರುಕಟ್ಟೆ ಎಲ್ಲವನ್ನೂ ಅದು ಕನ್ನಡವೂ ಸೇರಿ 11 ಭಾಷೆಗಳಲ್ಲಿ ಕೊಡುತ್ತದೆ. ಮೊಟ್ಟೆತ್ತಡ್ಕಕ್ಕೆ ಬರಲಾಗದ ಒಡಿಶಾದ ಬೆಳೆಗಾರರಿಗೂ ಪುತ್ತೂರಿನ ಅನುಭವ ಎಟುಕಿತು.

ಹೊರಗಿನ ಸಸ್ಯೋದ್ಯಾನಗಳು ಈ ದಾರಿಯನ್ನು ಬೇರೆ ತುದಿಯಿಂದ ಹಿಡಿದವು. ಅಮೆರಿಕದ ಹಲವು ಉದ್ಯಾನಗಳಲ್ಲಿ 2000ರ ದಶಕದಲ್ಲಿ ಗಿಡದ ಪಕ್ಕದ ಫಲಕದಲ್ಲಿ ಫೋನ್ ನಂಬರು ಬರೆದಿರುತ್ತಿದ್ದರು. ಅದಕ್ಕೆ ಕರೆ ಮಾಡಿದರೆ ಗಿಡದ ಕಥೆ ಕೇಳಿಸುತ್ತಿತ್ತು. ನಂತರ ಆ ಜಾಗಕ್ಕೆ ಕ್ಯೂಆರ್ ಕೋಡ್ ಬಂತು. 1994ರಲ್ಲಿ ಜಪಾನಿನಲ್ಲಿ ವಾಹನದ ಬಿಡಿಭಾಗಗಳ ಲೆಕ್ಕಕ್ಕೆಂದು ಹುಟ್ಟಿದ ಈ ಚೌಕ ಇಂದು ನಮ್ಮ ಗೂಡಂಗಡಿಗಳಲ್ಲೂ ಅಂಟಿಕೊಂಡಿದೆ. ಆ ಉದ್ಯಾನಗಳಲ್ಲಿ ಫೋನು ಗಿಡದ ಮುಂದೆ ನಿಂತವರ ಕುತೂಹಲ ತಣಿಸಿತು, ಇಲ್ಲಿ ಗುಡ್ಡೆಗೆ ಮರಳಿದವರ ಸಂಶಯ ನೀಗಿಸಿತು. ಬೆಳೆಗಾರರಿಗೆ ಎರಡನೆಯದೇ ಹೆಚ್ಚು ಬೆಲೆಯದು.

ಹಾಗೆಂದು ಶಾಂತಿಗೋಡಿನ ಸಾಲುಮರಗಳ ಕೆಲಸ ಮುಗಿದಿಲ್ಲ. ಆ್ಯಪ್‌ನಲ್ಲಿರುವ ಪ್ರತಿ ಶಿಫಾರಸು ಇಂಥ ಕ್ಷೇತ್ರಗಳಲ್ಲಿ ವರ್ಷಗಟ್ಟಲೆ ತೂಗಿ, ಎಣಿಸಿ ಕಂಡುಕೊಂಡದ್ದು. ಸೀಳಿಗೆ ಕುಡಿ ಕೂರಿಸುವ ಹದವನ್ನು ಪರದೆಯ ಮೇಲೆ ನೋಡಬಹುದು, ಅದು ಕೈಗೆ ಹತ್ತಬೇಕಾದರೆ ಕಸಿ ಮಾಡುವವರ ಪಕ್ಕದಲ್ಲಿ ಕೂರಲೇಬೇಕು. ಮೊಬೈಲಿನ ಪಾಠಗಳಲ್ಲಿ ಓದುವ ಅಕ್ಷರಕ್ಕಿಂತ ಕೇಳುವ ದನಿ ಹೆಚ್ಚಬೇಕು, ಅದರಲ್ಲೂ ತುಳುವಿನ ದನಿ. ಬೀಜ ಹೆಕ್ಕುವ, ಕಸಿ ಗಿಡಕ್ಕೆ ನೀರು ಹಾಕುವ ಹೆಂಗಸರಲ್ಲಿ ಹೆಚ್ಚಿನವರು ದಿನವಿಡೀ ಆಡುವುದು ಅದೇ ಭಾಷೆ. ಗಂಟಿನ ಕೆಳಗಿನ ಚಿಗುರು ಎಲ್ಲರಿಗಿಂತ ಮೊದಲು ಕಣ್ಣಿಗೆ ಬೀಳುವುದೂ ಅವರಿಗೇ.