ಪ್ಲೇಗಿನ ಕಾಲದ ಧರ್ಮಸಂಕಟ

ಸಾಂಕ್ರಾಮಿಕ ರೋಗ ಹಬ್ಬಿದಾಗ ಸಮಾಜಸೇವಕರಿಗೆ ಎದುರಾಗುವ ಧರ್ಮಸಂಕಟ ಹಳೆಯದು: ರೋಗವನ್ನೂ ತಡೆಯಬೇಕು, ರೋಗಿಯ ನಂಬಿಕೆಯನ್ನೂ ಉಳಿಸಿಕೊಳ್ಳಬೇಕು.

1897ರಲ್ಲಿ ಪುಣೆಗೆ ಪ್ಲೇಗ್ ಬಂದಾಗ ಸಾವಿತ್ರಿಬಾಯಿ ಫುಲೆ ಅವರಿಗೆ 66 ವರ್ಷ. ವೈದ್ಯರಾಗಿದ್ದ ದತ್ತುಪುತ್ರ ಯಶವಂತರೊಡನೆ ಊರ ಹೊರಗೆ, ಹಡಪ್ಸರದ ಬಳಿ, ಚಿಕಿತ್ಸಾಲಯ ತೆರೆದರು. ಅಸ್ಪೃಶ್ಯರ ಕೇರಿಯ ಬಾಲಕನೊಬ್ಬನನ್ನು ಅವರೇ ಹೊತ್ತು ತಂದರೆಂದು ಚರಿತ್ರಕಾರರು ಹೇಳುತ್ತಾರೆ. ಸೋಂಕು ತಗುಲಿ ಮಾರ್ಚ್ 10ರಂದು ತೀರಿಕೊಂಡರು.

ಅದೇ ತಿಂಗಳು ಸರ್ಕಾರ ಸೈನಿಕರನ್ನು ಮನೆಮನೆಗೆ ನುಗ್ಗಿಸಿತು. ಅಂಜಿದ ಜನ ರೋಗಿಗಳನ್ನೇ ಬಚ್ಚಿಟ್ಟರು.

ಆ ವರ್ಷ ಬಂದ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ 2020ರಲ್ಲಿ ಕೋವಿಡ್ ತಡೆಗೂ ಬಳಸಲಾಯಿತು. ಸೋಂಕಿತರ ಪಟ್ಟಿ ಮಾಡಲು ಬಡವರ ಕೇರಿಗಳಿಗೆ ಹೋದ ಆಶಾ ಕಾರ್ಯಕರ್ತೆಯರಿಗೂ ಎದುರಾದದ್ದು ಇದೇ ಸಂಕಟ. ಕಾಯ್ದೆ ಸರ್ಕಾರದ ಕೈಗೆ ಅಧಿಕಾರ ಕೊಟ್ಟಿತು. ನಂಬಿಕೆಯನ್ನು ಈ ಕಾರ್ಯಕರ್ತೆಯರೇ ಗಳಿಸಬೇಕಾಯಿತು.