ಡಾಕ್ಟರೇಟಿನ ಆಚೆಗೆ

ಬಾಬಾಬುಡನ್ ಗಿರಿಶ್ರೇಣಿಯ ತಪ್ಪಲಿನ, ಮದಗದ ಕೆರೆಯ ನೆರೆಯ ಎಮ್ಮೆದೊಡ್ಡಿಯಂಥ ಊರಿನಿಂದ ಹೊರಟು, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರವನ್ನೋ ಜೀವವಿಜ್ಞಾನವನ್ನೋ ವರ್ಷಗಟ್ಟಲೆ ವ್ಯಾಸಂಗಮಾಡಿ ಡಾಕ್ಟರೇಟ್ ಪಡೆದ ತರುಣ ತರುಣಿಯರಿಗೆ, ಆ ಸಂತೋಷದ ಬೆನ್ನಲ್ಲೇ ಎದುರಾಗುವ ಪ್ರಶ್ನೆಯೊಂದುಂಟು: ಸ್ವತಂತ್ರ ಸಂಶೋಧಕರೆನಿಸಿಕೊಳ್ಳುವುದಕ್ಕೆ ಮುನ್ನ ಇನ್ನೆರಡು ಮೂರು ವರ್ಷ ಯಾವ ಪ್ರಯೋಗಶಾಲೆಯಲ್ಲಿ, ಯಾರ ಆಶ್ರಯದಲ್ಲಿ ದುಡಿಯಬೇಕು? ನಾವಿಂದು ಪೋಸ್ಟ್ ಡಾಕ್ ಎಂದು ಕರೆಯುವ ಈ ಪದ್ಧತಿ ಬಹು ಹಳೆಯದೇನೂ ಅಲ್ಲ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯು 1919ರಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ಧನಸಹಾಯದಿಂದ ಭೌತ ಮತ್ತು ರಸಾಯನ ಶಾಸ್ತ್ರಗಳ ನವವಿದ್ವಾಂಸರಿಗೆ ವೇತನಗಳನ್ನು ಏರ್ಪಡಿಸಿದಾಗ ಅದು ಅಲ್ಲಿ ಬೇರೂರಿತು.

ನಮ್ಮ ನಾಡಿನಲ್ಲಿ ಮೈಸೂರು ಸಂಸ್ಥಾನ ಕೊಟ್ಟ ಭೂಮಿಯಲ್ಲಿ 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೂ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಸ್ಥಾಪಿತವಾದವು. 1933ರಲ್ಲಿ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದ ಚಂದ್ರಶೇಖರ ವೆಂಕಟರಾಮನ್ನರು, ಹಿಟ್ಲರನ ಆಳ್ವಿಕೆಯಲ್ಲಿ ಸ್ಥಾನಭ್ರಷ್ಟರಾದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನರನ್ನು 1935ರಲ್ಲಿ ಬೆಂಗಳೂರಿಗೆ ಕರೆಸಿಕೊಂಡರು. ಬಾರ್ನರಿಗೆ ಇಲ್ಲಿ ಶಾಶ್ವತ ಪೀಠ ದೊರೆಯದೆ, ಅವರು ಮರುವರ್ಷ ಎಡಿನ್‌ಬರೋ ಸೇರಿದುದು ನಮ್ಮ ವಿದ್ಯಾಚರಿತ್ರೆಯ ದೊಡ್ಡ ನಷ್ಟವೆಂದೇ ನಾನು ಬಗೆಯುತ್ತೇನೆ. ಅಂಥ ಗುರುವಿನ ಸುತ್ತ ನೆರೆಯಬಹುದಾಗಿದ್ದ ಕಿರಿಯ ವಿದ್ವಾಂಸರ ಮಂಡಲಿಯೂ ಅದರೊಡನೆ ತಪ್ಪಿಹೋಯಿತು.

ಸ್ವಾತಂತ್ರ್ಯಾನಂತರ ನಮ್ಮ ತರುಣರೇ ಕಡಲು ದಾಟಿದರು. ಬೆಂಗಳೂರಿನ ಸಿ.ಎನ್.ಆರ್. ರಾವ್ 1958ರಲ್ಲಿ ಪರ್ಡ್ಯೂ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪಡೆದು, ಬರ್ಕ್‌ಲಿಯಲ್ಲಿ ಸಂಶೋಧನೆ ನಡೆಸಿ, 1959ರಲ್ಲಿ ವಿಜ್ಞಾನ ಸಂಸ್ಥೆಯ ಅಧ್ಯಾಪಕರಾಗಿ ಹಿಂದಿರುಗಿದರು. ಉಡುಪಿಯ ಸಮೀಪದ ಅದಮಾರಿನಲ್ಲಿ ಜನಿಸಿದ ಯು.ಆರ್. ರಾವ್, ವಿಕ್ರಮ ಸಾರಾಭಾಯಿಯವರ ಶಿಷ್ಯರಾಗಿ 1960ರಲ್ಲಿ ಡಾಕ್ಟರೇಟ್ ಮುಗಿಸಿ, ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ ತೆರಳಿ, ಮ್ಯಾರಿನರ್ 2 ನೌಕೆ ಕಳುಹಿಸಿದ ಮಾಹಿತಿಯಿಂದ ಸೌರಮಾರುತವು ಅವಿಚ್ಛಿನ್ನವಾಗಿ ಬೀಸುವುದೆಂಬುದನ್ನು ಸ್ಥಾಪಿಸಿದವರಲ್ಲಿ ಒಬ್ಬರಾದರು. ಅವರೇ 1975ರಲ್ಲಿ ಆರ್ಯಭಟ ಉಪಗ್ರಹದ ನಿರ್ಮಾಣಕ್ಕೆ ಸಾರಥಿಯಾದರು. ವಿದೇಶದಿಂದ ಮರಳುವವರಿಗೆ ಕೆಲಸ ಸಿಗುವತನಕ ಆಸರೆಯಾಗಲೆಂದು 1958ರಲ್ಲಿ ಸರ್ಕಾರವು ವೈಜ್ಞಾನಿಕ ಮತ್ತು ಔದ್ಯಮಿಕ ಸಂಶೋಧನಾ ಮಂಡಳಿಯ ಮೂಲಕ ಸೈಂಟಿಸ್ಟ್ಸ್ ಪೂಲ್ ಎಂಬ ಯೋಜನೆಯನ್ನೂ ಆರಂಭಿಸಿತು.

ಆ ಕಾಲದಲ್ಲಿ ಹೊರನಾಡಿನ ಪ್ರಯೋಗಶಾಲೆಯಲ್ಲಿ ಸ್ಥಾನ ದೊರಕುತ್ತಿದ್ದುದು ಬಹುಮಟ್ಟಿಗೆ ಪತ್ರದಿಂದ. ನೀಲಿಯ ಏರೋಗ್ರಾಮ್ ಹಾಳೆಯಲ್ಲಿ ಇಕ್ಕಟ್ಟಾಗಿ ಬೆರಳಚ್ಚಿಸಿದ ಒಂದು ಪುಟ; ತಾನು ಮಾಡಿದ ಕೆಲಸ, ಮುಂದೆ ಮಾಡಬಯಸುವ ಕೆಲಸ, ಶಿಫಾರಸು ಮಾಡಬಲ್ಲ ಹಿರಿಯರ ಹೆಸರು; ಅಚ್ಚಾದ ಲೇಖನದ ಪ್ರತಿಗಳು ಮಾತ್ರ ಬೇರೆ ಲಕೋಟೆಯಲ್ಲಿ ಹಡಗಿನ ಅಂಚೆಯಲ್ಲಿ ನಿಧಾನವಾಗಿ ಹೋಗುತ್ತಿದ್ದವು. ಪತ್ರ ಯಾರಿಗೆ, ಹೇಗೆ ಬರೆಯಬೇಕೆಂಬುದನ್ನು ಗುರುವೇ ಹೇಳಿಕೊಡುತ್ತಿದ್ದುದರಿಂದ ಈ ವಿದ್ಯೆ ದೊಡ್ಡ ಪ್ರಯೋಗಶಾಲೆಗಳ ಒಳಗೇ ಹರಿಯಿತು. ನಮ್ಮ ಸೀಮೆಯ ಕಡೂರು, ತರೀಕೆರೆ, ಅಜ್ಜಂಪುರಗಳ ಕಡೆಗೆ ಹರಿದುದು ಅತ್ಯಲ್ಪ. ಈಗ ಅಂಚೆಯ ಬದಲು ಈಮೇಲ್ ಬಂದಿದೆ. ಆದರೂ ರಾಷ್ಟ್ರೀಯ ಪೋಸ್ಟ್ ಡಾಕ್ಟರಲ್ ಫೆಲೋಶಿಪ್‌ಗೆ ಅರ್ಜಿ ಹಾಕುವವನು ತನ್ನನ್ನು ಮಾರ್ಗದರ್ಶಿಸಲೊಪ್ಪುವ ವಿಜ್ಞಾನಿಯೊಬ್ಬರನ್ನು ಮೊದಲು ತಾನೇ ಗೊತ್ತುಮಾಡಿಕೊಳ್ಳಬೇಕು.

ಆದಕಾರಣ ಹೊರನಾಡುಗಳಲ್ಲಿ ಪೋಸ್ಟ್ ಡಾಕ್ ಮುಗಿಸಿ ನೆಲೆಗೊಂಡಿರುವ ಈ ಸೀಮೆಯ ಮಕ್ಕಳಲ್ಲಿ ನನ್ನದೊಂದು ವಿನಂತಿ: ರಜೆಗೆ ಊರಿಗೆ ಬಂದಾಗ ಒಂದು ಮಧ್ಯಾಹ್ನ ಕಡೂರಿನ ಕಾಲೇಜಿಗೋ ಶಂಕರಘಟ್ಟಕ್ಕೋ ಹೋಗಿ, ನೀವು ಬರೆದ ಆ ಮೊದಲ ಪತ್ರವನ್ನು ಅಲ್ಲಿಯ ವಿದ್ಯಾರ್ಥಿಗಳಿಗೆ ಓದಿ ತೋರಿಸಿ.